ಸೆನ್ಸರ್ ಸೈಜಿನ ಪಂಕ್ತಿಭೇದ

ಭಾಗ 1

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಮದ್ದೂರು ಕಡೆಯ ಒಬ್ಬ ಹುಡುಗ ಡಿಎಂ ಮಾಡಿದ್ದ. "ಅಣ್ಣ, ಕ್ಯಾನನ್ ಆರ್7 ತಗೊಳ್ಳಲಾ, ಆರ್8 ತಗೊಳ್ಳಲಾ? ಬೇಗ ಹೇಳಿ, ಸೋಮವಾರ ಅಮ್ಮನ ಸರ ಅಡ ಇಡ್ತಿದ್ದೀವಿ."

ಪ್ರಶ್ನೆಗೆ ಉತ್ತರ ಕೊಡೋಕೆ ಐದು ನಿಮಿಷ ಸಾಕು. ಆ ಕೊನೆಯ ಮಾತು ಓದಿದ ಮೇಲೆ ನಿದ್ದೆ ಬರಲಿಲ್ಲ.

"ನಿನಗೆ ಯಾವುದು ಬೇಕು ಅನ್ಸುತ್ತೆ?" ಅಂತ ಕೇಳಿದೆ. "ಆರ್8 ಅಣ್ಣ. ಫುಲ್ ಫ್ರೇಮ್ ಅಲ್ವಾ. ಕ್ರಾಪ್ ಸೆನ್ಸರ್ ಇಟ್ಕೊಂಡ್ರೆ ಮದುವೆ ಆರ್ಡರ್ ಸಿಗಲ್ಲ ಅಂತಾರೆ. ವಾಟ್ಸ್ಆ್ಯಪ್ ಗ್ರೂಪಲ್ಲಿ ಎಲ್ಲಾ ನಗ್ತಾರೆ."

ಈ ಸೀರೀಸ್ ಆ ಹುಡುಗನಿಗಲ್ಲ. ಆ ಗ್ರೂಪಲ್ಲಿ ನಗ್ತಾರಲ್ಲ, ಅವರಿಗೆ.

ನಮ್ಮ ಫೋಟೋಗ್ರಫಿ ಲೋಕದಲ್ಲಿ ಒಂದು ಪಂಕ್ತಿಭೇದ ನಡೀತಾ ಇದೆ ಸ್ವಾಮಿ. ಫುಲ್ ಫ್ರೇಮ್ ಇದ್ದೋರು ಒಳಗಿನ ಪಂಕ್ತಿ. ಎಪಿಎಸ್-ಸಿ ಇದ್ದೋರು ಹಜಾರದಲ್ಲಿ. ಮೈಕ್ರೋ ಫೋರ್ ಥರ್ಡ್ಸ್ ಇಟ್ಕೊಂಡೋನು ಎಲ್ಲರದೂ ಆದ ಮೇಲೆ ಬಂದು ಕೂತ್ಕೋಬೇಕು. ಯಾರೂ ಅವನ ಫೋಟೋ ನೋಡಲ್ಲ, ಮೊದಲು ಬಾಡಿ ಯಾವುದು ಅಂತ ಕೇಳ್ತಾರೆ. "ಓ, ಕ್ರಾಪಾ?" ಅನ್ನೋ ಆ ಒಂದು ರಾಗ ಇದೆಯಲ್ಲ, ಅದಕ್ಕೆ ಎಷ್ಟು ಮನೆಗಳಲ್ಲಿ ಇಎಂಐ ಕಟ್ತಾ ಇದ್ದಾರೆ ಅಂತ ನಿಮಗೆ ಅಂದಾಜಿದೆಯಾ?

(ಈ ಪೋಸ್ಟಿನ ಫೋಟೋ: ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ. ಯಾವ ಸೆನ್ಸರ್ ಅಂತ ಹೇಳಲ್ಲ. ಕಾಮೆಂಟಲ್ಲಿ ಊಹೆ ಮಾಡಿ ನೋಡೋಣ.)

ಭಾಗ 2

ಮೊದಲು ಆ "ಫುಲ್" ಅನ್ನೋ ಪದದ ವಿಚಾರ.

ಫುಲ್ ಫ್ರೇಮ್ ಅಂದ್ರೆ 36×24 ಮಿಲಿಮೀಟರ್. ಈ ಅಳತೆ ಎಲ್ಲಿಂದ ಬಂತು? ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮಿನ ಎರಡು ಫ್ರೇಮ್ ಜೋಡಿಸಿ ಪುಟ್ಟದೊಂದು ಕ್ಯಾಮೆರಾ ಮಾಡಿದ. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಅಂತ ಹೊರಗೆ ಬಂತು. ಆಗ ದೊಡ್ಡ ಗಾಜಿನ ಪ್ಲೇಟು, ದೊಡ್ಡ ಫಿಲ್ಮಿನಲ್ಲಿ ಕೆಲಸ ಮಾಡೋರು ಇದಕ್ಕೆ ಇಟ್ಟ ಹೆಸರೇನು ಗೊತ್ತಾ? ಮಿನಿಯೇಚರ್ ಕ್ಯಾಮೆರಾ. ಇವತ್ತು ಯಾವುದನ್ನ "ಪೂರ್ತಿ" ಅಂತ ಪೂಜೆ ಮಾಡ್ತಿದ್ದೀರೋ, ಅದೇ ಆ ಕಾಲದ ಚಿಳ್ಳೆಪಿಳ್ಳೆ.

ಇವತ್ತೂ ಅದಕ್ಕಿಂತ ದೊಡ್ಡದಿದೆ. ಫ್ಯೂಜಿಯ ಜಿಎಫ್ಎಕ್ಸ್ ಸೆನ್ಸರ್ ಹೆಚ್ಚುಕಡಿಮೆ 44×33 ಮಿಮೀ. ಅದನ್ನ ಇಟ್ಕೊಂಡೋನು ನಿಮ್ಮ ಫುಲ್ ಫ್ರೇಮ್ ನೋಡಿ "ಓ, ಕ್ರಾಪಾ?" ಅಂದ್ರೆ ಏನ್ ಮಾಡ್ತೀರಾ?

ಇನ್ನೊಂದು ಮಾತು. ಹಳೇ 35 ಎಂಎಂ ಸಿನಿಮಾ ಫ್ರೇಮ್, ಅಕಾಡೆಮಿ ಅಂತಾರಲ್ಲ, ಅದು ಸುಮಾರು 22×16 ಮಿಮೀ. ಆರ್7ರ ಎಪಿಎಸ್-ಸಿ ಸೆನ್ಸರ್ 22.3×14.8. ಹೆಚ್ಚುಕಡಿಮೆ ಅದೇ ಅಗಲ. ಟೆಂಟಲ್ಲಿ ಮರಳು ಗುಡ್ಡೆ ಮಾಡ್ಕೊಂಡು ಕೂತು ನಮ್ಮಪ್ಪ ಕಪ್ಪು-ಬಿಳುಪಿನ ರಾಜ್‌ಕುಮಾರ್ ಸಿನಿಮಾ ನೋಡಿ ಅತ್ತಿದ್ದು ಈ "ಕ್ರಾಪ್" ಸೈಜಿನ ಚಿತ್ರ ನೋಡಿ. ಗೋಡೆಯಷ್ಟು ಪರದೆ ಮೇಲೆ. ನೀವು ನಿಮ್ಮ ಫೋಟೋ ಹಾಕ್ತಿರೋದು 1080 ಪಿಕ್ಸೆಲ್ ಅಗಲದ ಈ ಆ್ಯಪ್ ಮೇಲೆ.

ಭಾಗ 3

ಸರಿ, ಇತಿಹಾಸ ಸಾಕು. ಎರಡು ಕ್ಯಾಮೆರಾ ಪಕ್ಕಪಕ್ಕ ಇಡೋಣ.

ಆರ್7 ಬಂದಿದ್ದು 2022ರಲ್ಲಿ, ಆರ್8 2023ರಲ್ಲಿ. ಅಮೆರಿಕದಲ್ಲಿ ಬಿಡುಗಡೆ ಆದಾಗ ಬಾಡಿ ಬೆಲೆ ಎರಡಕ್ಕೂ ಒಂದೇ, 1499 ಡಾಲರ್. ಬೆಲೆ ಒಂದೇ ಅಂದ್ಮೇಲೆ ದೊಡ್ಡ ಸೆನ್ಸರ್ ಕೊಟ್ಟೋನು ಇನ್ನೆಲ್ಲೋ ಕತ್ತರಿ ಹಾಕಿರಲೇಬೇಕು. ಅದನ್ನ ಯಾವ ರೀಲ್ಸ್ ಗುರುವೂ ಹೇಳಲ್ಲ.

ಆರ್7ರಲ್ಲಿ ಎರಡು ಕಾರ್ಡ್ ಸ್ಲಾಟ್, ಆರ್8ರಲ್ಲಿ ಒಂದೇ. ಆರ್7ರ ಬಾಡಿಯೊಳಗೇ ಸ್ಟೆಬಿಲೈಸೇಶನ್ ಇದೆ, ಆರ್8ರಲ್ಲಿ ಇಲ್ಲ. ಬ್ಯಾಟರಿ ಒಂದರಲ್ಲಿ 2130 ಎಂಎಎಚ್, ಇನ್ನೊಂದರಲ್ಲಿ 1040. ಆರ್8ರಲ್ಲಿ ಪೂರ್ತಿ ಮೆಕ್ಯಾನಿಕಲ್ ಶಟರ್ರೇ ಇಲ್ಲ. ಆರ್8 ಹಗುರ, ಅದು ನಿಜ: 461 ಗ್ರಾಂ, ಆರ್7 612 ಗ್ರಾಂ.

"ಆದ್ರೂ ಲೋ ಲೈಟು ಅಣ್ಣ..." ಅಂತೀರಾ. ಬನ್ನಿ. ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ ಆರ್7ರ ಸೆನ್ಸರಿನ 2.6 ಪಟ್ಟು. ಅಂದ್ರೆ ಒಂದೇ ಎಫ್ ನಂಬರಿನಲ್ಲಿ ಸುಮಾರು 1.4 ಸ್ಟಾಪ್ ಬೆಳಕಿನ ಲಾಭ. ಇದನ್ನ ನಾನು ಅಲ್ಲಗಳೆಯಲ್ಲ. ಸುಳ್ಳು ಹೇಳೋಕೆ ಈ ಸೀರೀಸ್ ಬರೀತಿಲ್ಲ.

ಆದ್ರೆ ಗಮನಿಸಿ, ಒಂದೇ ಎಫ್ ನಂಬರಿನಲ್ಲಿ. ದುಡ್ಡೆಲ್ಲಾ ಬಾಡಿಗೆ ಸುರಿದೋನು ಲೆನ್ಸ್ ಯಾವುದು ತಗೊಳ್ತಾನೆ? ಕಿಟ್ಟು. ಆರ್8ರ ಕಿಟ್ ಲೆನ್ಸ್ 24-50, ಎಫ್/4.5ರಿಂದ 6.3. ಈ ಕಡೆ ಆರ್7ಗೆ ಸಿಗ್ಮಾದ 18-50 ಎಫ್/2.8 ಸಿಗುತ್ತೆ, 300 ಗ್ರಾಂ. ಆರ್7 ಮೇಲೆ 2.8 ಅಂದ್ರೆ, ಸೆನ್ಸರಿಗೆ ಒಟ್ಟು ಬೀಳೋ ಬೆಳಕಿನ ಲೆಕ್ಕದಲ್ಲಿ ಫುಲ್ ಫ್ರೇಮಿನ 4.5ಕ್ಕೆ ಸಮ. ಅಂದ್ರೆ ವೈಡ್ ತುದಿಯಲ್ಲಿ ಎರಡೂ ಸರಿಸಮ. ಕಿಟ್ ಲೆನ್ಸನ್ನ 50ಕ್ಕೆ ಜೂಮ್ ಮಾಡಿದ್ರೆ ಫುಲ್ ಫ್ರೇಮೇ ಒಂದು ಸ್ಟಾಪ್ ಹಿಂದೆ! ಹಿನ್ನೆಲೆ ಮಸುಕಾಗೋದೂ ಇದೇ ಲೆಕ್ಕ. ಅಷ್ಟು ದುಡ್ಡು ಕೊಟ್ಟು ತಂದ "ಫುಲ್ ಫ್ರೇಮ್ ಲುಕ್" ಲೆನ್ಸ್ ಬಾಗಿಲಲ್ಲೇ ಸೋರಿ ಹೋಯ್ತು.

ಬಾಡಿ ಹೆಸರು ಕೇಳಿ ನಗೋರು ಈ ಲೆಕ್ಕ ಒಮ್ಮೆ ಹಾಕಿ ನೋಡಿದ್ದಾರಾ?

ಭಾಗ 4

(ಫೋಟೋ: ರಂಗನತಿಟ್ಟು, ದೋಣಿಯಿಂದ. ಬಂಡೆ ಮೇಲೆ ರಿವರ್ ಟರ್ನ್. ಎರಡನೇ ಸ್ಲೈಡ್ ನೋಡಿ, ಅದೇ ಬಂಡೆ, ಅದೇ 400 ಎಂಎಂ, ನನ್ನ ಸ್ನೇಹಿತರ ಆರ್8.)

ಹಕ್ಕಿ ಫೋಟೋಗ್ರಫಿಯಲ್ಲಿ ಈ ಪಂಕ್ತಿಭೇದ ಇನ್ನೂ ತಮಾಷೆ.

ಆರ್7 32.5 ಮೆಗಾಪಿಕ್ಸೆಲ್, ಆರ್8 24.2. ಲೆನ್ಸ್ ಒಂದೇ, ದೂರ ಒಂದೇ ಆದ್ರೆ ಹಕ್ಕಿಯ ಬಿಂಬ ಎರಡೂ ಸೆನ್ಸರಿನ ಮೇಲೆ ಒಂದೇ ಅಳತೆಯಲ್ಲಿ ಬೀಳುತ್ತೆ. ಸೆನ್ಸರ್ ದೊಡ್ಡದು ಅಂತ ಹಕ್ಕಿ ದೊಡ್ಡದಾಗಲ್ಲ, ಸುತ್ತ ನೀರು ಜಾಸ್ತಿ ಬರುತ್ತೆ ಅಷ್ಟೇ. ಮನೆಗೆ ಬಂದು ಆ ನೀರನ್ನೆಲ್ಲಾ ಕತ್ತರಿಸಿ ಬಿಸಾಕಿದ್ರೆ ಆರ್8ರಲ್ಲಿ ಉಳಿಯೋದು 9 ಮೆಗಾಪಿಕ್ಸೆಲ್ ಚಿಲ್ಲರೆ. ಅದೇ ಹಕ್ಕಿ ಮೇಲೆ ಆರ್7 ಮೂರೂವರೆ ಪಟ್ಟು ಪಿಕ್ಸೆಲ್ ಕೂರಿಸಿರುತ್ತೆ. ಕತ್ತರಿಸಿ ಬಿಸಾಕಿದ ಜಾಗದ ಜೊತೆ ಆ 1.4 ಸ್ಟಾಪ್ ಬೆಳಕಿನ ಲಾಭವೂ ಹೋಯ್ತು. ಅಗಲವಾದ ಬಾಳೆಲೆ ಹಾಕಿಸ್ಕೊಂಡು ಪಲ್ಯ ಬಡಿಸಿದ ಮೂಲೆ ಮಾತ್ರ ತಿಂದು ಎದ್ದ ಹಾಗೆ.

ಆರ್7ರಲ್ಲಿ ಐಬಿಲ್ಲ ಅಂತಲ್ಲ. ಅದರ ಸೆನ್ಸರ್ ಓದೋದು ನಿಧಾನ. ಎಲೆಕ್ಟ್ರಾನಿಕ್ ಶಟರಲ್ಲಿ ಮಿಂಚುಳ್ಳಿ ಹಾರಿದ್ರೆ ರೆಕ್ಕೆ ಸೊಟ್ಟ ಬರುತ್ತೆ, ನನಗೇ ಎಷ್ಟೋ ಫ್ರೇಮ್ ಹಾಳಾಗಿದೆ. ಮೆಕ್ಯಾನಿಕಲ್‌ಗೆ ಹಾಕ್ಕೊಳ್ಳಿ, ಸೆಕೆಂಡಿಗೆ 15 ಫ್ರೇಮ್ ಬರುತ್ತೆ. ಚಟಚಟ ಅಂತ ಸದ್ದು ಮಾಡುತ್ತೆ, ದೋಣಿಯಲ್ಲಿ ಪಕ್ಕದವರು ತಿರುಗಿ ನೋಡ್ತಾರೆ. ನೋಡ್ಲಿ ಬಿಡಿ.

ಭಾಗ 5

ಈಗ ಮದುವೆ. ಇಲ್ಲಿ ನಾನು ಬಗ್ಗಿ ಮಾತಾಡ್ತೀನಿ, ಯಾಕಂದ್ರೆ ಇಲ್ಲಿ ಫುಲ್ ಫ್ರೇಮಿಗೆ ನ್ಯಾಯವಾದ ಜಾಗ ಇದೆ. ರಾತ್ರಿ ರಿಸೆಪ್ಷನ್, ಮಂಟಪದ ಟ್ಯೂಬ್‌ಲೈಟು, ನೇರಳೆ ಎಲ್ಇಡಿ. ಆರ್8ಗೆ ಒಂದು 50 ಎಫ್/1.8, ಒಂದು 35 ಎಫ್/1.8 ಹಾಕೋ ಶಕ್ತಿ ಇದ್ರೆ ಚೆನ್ನಾಗೇ ಬರುತ್ತೆ. ವಿಡಿಯೋನೇ ಮುಖ್ಯ ಅನ್ನೋರಿಗೂ ಅದೇ ವಾಸಿ, 4ಕೆ 60 ಪೂರ್ತಿ ಅಗಲದಲ್ಲಿ ಸಿಗುತ್ತೆ.

ಆದ್ರೆ ಸ್ಲಾಟ್ ಒಂದೇ.

ನನ್ನ ಕಥೆ ಹೇಳ್ತೀನಿ. ಹಲವು ವರ್ಷದ ಹಿಂದೆ ನಾನೂ ಇದೇ ಮಾತಿಗೆ ಬಿದ್ದೋನೇ. ಅಂಗಡಿಯಲ್ಲಿ ಒಬ್ಬ, "ಸಾರ್, ಪ್ರೊಫೆಷನಲ್ ಆಗ್ಬೇಕಾ, ಹೀಗೇ ಇರ್ತೀರಾ?" ಅಂದ. ಕ್ರಾಪ್ ಬಾಡಿ, ಎರಡು ಒಳ್ಳೇ ಲೆನ್ಸ್ ಮಾರಿ, ಇಎಂಐ ಹಾಕಿ ಒಂದು ಸ್ಲಾಟಿನ ಫುಲ್ ಫ್ರೇಮ್ ತಂದೆ. ಎಂಟು ತಿಂಗಳು ಕಿಟ್ ಲೆನ್ಸಲ್ಲೇ ತಳ್ಳಿದೆ. ಅದು ಬಿಡಿ. ಒಂದು ಮದುವೆಯಲ್ಲಿ, ಧಾರೆ ಮುಗಿದು ಊಟದ ಪಂಕ್ತಿಗೆ ಕ್ಯಾಮೆರಾ ಎತ್ತಿದ್ರೆ ಸ್ಕ್ರೀನ್ ಮೇಲೆ ಕಾರ್ಡ್ ಎರರ್. ರಿಕವರಿ ಸಾಫ್ಟ್‌ವೇರ್ ಹಾಕಿದೆ, ಬೆಂಗಳೂರಿಗೆ ಕಳಿಸಿದೆ. ಅರಿಶಿನ ಶಾಸ್ತ್ರದವು ಕೆಲವು ಬಂದವು. ಧಾರೆ ಒಂದೂ ಬರಲಿಲ್ಲ.

ಹುಡುಗಿಯ ಅಪ್ಪ ಬೈಯಲಿಲ್ಲ. ಬೈದಿದ್ರೆ ತಡ್ಕೋತಿದ್ದೆ. "ನಮ್ಮದು ಹೋಗ್ಲಿ ಬಿಡಪ್ಪ, ಧಾರೆ ಹೊತ್ತಲ್ಲಿ ನಮ್ಮವ್ವ ಪಕ್ಕದಲ್ಲಿ ನಿಂತಿತ್ತು, ಅದೊಂದು ಸಿಗುತ್ತಾ ನೋಡು" ಅಂದ್ರು. ಸಿಗಲಿಲ್ಲ. ದುಡ್ಡು ವಾಪಸ್ ಕೊಟ್ಟೆ, ಅವರು ಅರ್ಧ ಮಾತ್ರ ತಗೊಂಡ್ರು. ಆ ಬಾಡಿಯ ಕಂತು ಮಾತ್ರ ಅದಾದ ಮೇಲೂ ಹದಿನಾಲ್ಕು ತಿಂಗಳು ಕಟ್ಟಿದೆ.

ಅವತ್ತಿನಿಂದ ನನ್ನ ಲೆಕ್ಕದಲ್ಲಿ ಎರಡನೇ ಸ್ಲಾಟಿನ ಮುಂದೆ 1.4 ಸ್ಟಾಪ್ ನಿಲ್ಲಲ್ಲ. ಸ್ವಲ್ಪ ಗ್ರೇನ್ ಇರೋ ಧಾರೆ ಫೋಟೋ ನೋಡಿ ಯಾವ ಅವ್ವನೂ ಬೇಜಾರಾಗಿದ್ದು ನಾನು ಕಂಡಿಲ್ಲ.

ಭಾಗ 6, ಕೊನೇದು

ಆ ಹುಡುಗನ ವಿಚಾರಕ್ಕೆ ಬರ್ತೀನಿ. ಮಾರನೇ ದಿನ ಫೋನ್ ಮಾಡಿ "ನಿನ್ನ ಹತ್ರ ಈಗ ಏನೇನಿದೆ?" ಅಂತ ಕೇಳಿದೆ. 200ಡಿ, 18-55, 55-250, ಒಂದು 50 ಎಫ್/1.8. ಭಾನುವಾರ ಕೊಕ್ಕರೆ ಬೆಳ್ಳೂರು, ಮುಹೂರ್ತ ಇದ್ದಾಗ ಯಾರಿಗಾದ್ರೂ ಸೆಕೆಂಡ್ ಕ್ಯಾಮೆರಾ.

ಅವನ 18-55, 55-250 ಎರಡೂ ಕ್ರಾಪ್ ಸೆನ್ಸರಿಗೆ ಅಂತ ಮಾಡಿದ ಲೆನ್ಸು. ಅಡಾಪ್ಟರ್ ಹಾಕಿ ಆರ್8ಗೆ ಸಿಕ್ಕಿಸಿದ್ರೆ ಕ್ಯಾಮೆರಾ ತಾನಾಗೇ ಸೆನ್ಸರಿನ ನಡುವಿನ ಭಾಗ ಮಾತ್ರ ಬಳಸುತ್ತೆ. ಮತ್ತೆ ಅದೇ 9 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲಿನ ಹಳೇ 200ಡಿಗಿಂತ ಕಮ್ಮಿ! ಇದನ್ನ ಅವನಿಗೆ ಅಂಗಡಿಯಲ್ಲೂ ಹೇಳಿಲ್ಲ, ಗ್ರೂಪಲ್ಲೂ ಹೇಳಿಲ್ಲ. ಆರ್7 ಆದ್ರೆ ಮೂರೂ ಲೆನ್ಸ್ ಪೂರ್ತಿ ಕೆಲಸ ಮಾಡ್ತವೆ, ಅಡಾಪ್ಟರಿನ ದುಡ್ಡು ಅಷ್ಟೇ.

"ಹಾಗಾದ್ರೆ ಆರ್7 ಫಿಕ್ಸಾ ಅಣ್ಣ?" ಅಂದ.

ತಮ್ಮಾ, ನೀನೂ ಇದನ್ನ ಓದ್ತಿದ್ದೀಯ ಅಂತ ಗೊತ್ತು. ಅದಕ್ಕೆ ಇಲ್ಲೇ ಎಲ್ಲರ ಮುಂದೆ ಹೇಳ್ತೀನಿ. ಎರಡರಲ್ಲಿ ಒಂದು ಅಂದ್ರೆ ಆರ್7. ಆದ್ರೆ ಸೋಮವಾರ ಅಲ್ಲ, ಅಮ್ಮನ ಸರದ ಮೇಲೆ ಅಲ್ಲ. ಈ ಸೀಸನ್ 200ಡಿ ಯಲ್ಲೇ ದುಡಿ, ಕೂಡಿಟ್ಟ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕೋಣ, ಶಟರ್ ಕೌಂಟ್ ನೋಡೋಕೆ ನಾನೇ ಬರ್ತೀನಿ. ಅಲ್ಲಿವರೆಗೆ ಮುಹೂರ್ತ ಇದ್ದಾಗ ನನ್ನ ಆರ್7 ತಗೊಂಡು ಹೋಗು, ಬಾಡಿಗೆ ಬೇಡ. ಕಾರ್ಡ್ ಮಾತ್ರ ನೀನೇ ತರಬೇಕು. ಎರಡು.

#ಸೆನ್ಸರ್‌ಪಂಕ್ತಿಭೇದ #ಕನ್ನಡಫೋಟೋಗ್ರಫಿ #ರಂಗನತಿಟ್ಟು #ಕೊಕ್ಕರೆಬೆಳ್ಳೂರು #ಕ್ರಾಪ್‌ಆದ್ರೇನಂತೆ