ಹೆಲ್ಮೆಟ್ ಮತ್ತು ಹಣೆಯ ತುರಿಕೆ

ವಳಕಮದಿನ್ನಿಯಿಂದ ಸಿಂಧನೂರಿಗೋ ಲಿಂಗಸುಗೂರಿಗೋ ಬಿರುಬಿಸಿಲಿನಲ್ಲಿ ಬೈಕಿನ ಮೇಲೆ ಹೋಗಿಬರುವ ತರುಣರ ಹಣೆ, ಗದ್ದಗಳಲ್ಲಿ ಕೆಂಪು ಗುಳ್ಳೆ, ತುರಿಕೆ ಕಾಣಿಸಿಕೊಳ್ಳುವುದುಂಟು. ಹೆಲ್ಮೆಟ್ಟಿನ ಒಳಮೆತ್ತೆಯಲ್ಲಿ ಬೆವರು, ಎಣ್ಣೆ, ಧೂಳು ನಿಂತು ಚರ್ಮವನ್ನು ಉಜ್ಜುವುದೇ ಇದಕ್ಕೆ ಕಾರಣ. ಹಾಗೆಂದು ಹೆಲ್ಮೆಟ್ಟನ್ನು ತೊರೆಯುವುದು ಸಲ್ಲದು. 1988ರ ಮೋಟಾರು ವಾಹನ ಕಾಯಿದೆ ಅದನ್ನು ಕಡ್ಡಾಯಗೊಳಿಸಿದೆ. ನಮ್ಮ ರಾಜ್ಯದಲ್ಲಿ 2016ರಿಂದ ಹಿಂಬದಿಯ ಸವಾರರಿಗೂ ಅದು ಕಡ್ಡಾಯ.

ತಲೆಗೆ ಎಣ್ಣೆ ಹಚ್ಚಿದೊಡನೆ ಹೆಲ್ಮೆಟ್ ಧರಿಸಬಾರದು. ಒಳಗೆ ಗಂಟಿಲ್ಲದಂತೆ ತೆಳು ಹತ್ತಿಬಟ್ಟೆ ಕಟ್ಟಿಕೊಂಡು, ಅದನ್ನು ನಿತ್ಯ ಒಗೆಯಬೇಕು. ಬಿಚ್ಚಲು ಬರುವ ಮೆತ್ತೆಯನ್ನು ವಾರಕ್ಕೊಮ್ಮೆ ಸೌಮ್ಯ ಸಾಬೂನಿನಿಂದ ತೊಳೆದು ಚೆನ್ನಾಗಿ ಒಣಗಿಸಬೇಕು. ಊರು ಮುಟ್ಟಿದೊಡನೆ ಮುಖ ತೊಳೆದು ಒರೆಸಿಕೊಳ್ಳಬೇಕು. ಸ್ಟೀರಾಯ್ಡ್ ಬೆರೆತ ಮುಲಾಮನ್ನು ವೈದ್ಯರ ಸಲಹೆಯಿಲ್ಲದೆ ಹಚ್ಚಬಾರದು. ಕೀವು ತುಂಬಿದರೆ ಚರ್ಮವೈದ್ಯರಲ್ಲಿಗೆ ಹೋಗುವುದೇ ಲೇಸು. ಮನೆಯ ಹಿರಿಯರು ಮಕ್ಕಳಿಗೆ ಇಷ್ಟನ್ನು ತಿಳಿಹೇಳಲಿ.