ಮಂಡ್ಯದ ಲಿಥಿಯಂಗೆ ರೇಟು ಕೂಗುವವರು ಯಾರು?

ದುದ್ದ ಹೋಬಳಿಯ ರೈತ ಮಂಡ್ಯದ ಎಪಿಎಂಸಿಗೆ ಅಚ್ಚು ಬೆಲ್ಲ ತಂದರೆ, ವರ್ತಕ ಒಂದು ಅಚ್ಚು ಮುರಿದು, ಬಣ್ಣ ನೋಡಿ, ಚೂರು ಬಾಯಿಗೆ ಹಾಕಿಕೊಂಡು ರೇಟು ಹೇಳುತ್ತಾನೆ. ಹಿಡಿಸದಿದ್ದರೆ ರೈತ ಜಗಳವಾದರೂ ಆಡಬಹುದು. ಇದೇ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದ ಬಂಡೆಗಳಲ್ಲಿರುವ ಲಿಥಿಯಂಗೆ ರೇಟು ಕಟ್ಟುವವರು ಚೀನಾದಲ್ಲಿದ್ದಾರೆ. ಅವರ ಹತ್ತಿರ ಜಗಳವಾಡಲು ಯಾರು ಹೋಗುತ್ತಾರೆ?

2020ರಲ್ಲಿ ಇಲ್ಲಿ 14,100 ಟನ್ ಲಿಥಿಯಂ ಇದೆಯೆಂಬ ಸುದ್ದಿ ದೇಶವೆಲ್ಲ ಹಬ್ಬಿತು. ಮರುವರ್ಷ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಅದು 1,600 ಟನ್ನಿಗೆ ಇಳಿಯಿತು. ಅಣು ಖನಿಜ ನಿರ್ದೇಶನಾಲಯದ ಈ ಲೆಕ್ಕವೂ ಪ್ರಾಥಮಿಕ ಅಂದಾಜು. 2024ರಲ್ಲಿ ಜಗತ್ತಿನ ಗಣಿಗಳಿಂದ ಬಂದ ಲಿಥಿಯಂ ಸುಮಾರು 2.4 ಲಕ್ಷ ಟನ್. ಆ ಲೆಕ್ಕದಲ್ಲಿ ಮಂಡ್ಯದ ಇಡೀ ನಿಕ್ಷೇಪ ಜಗತ್ತಿಗೆ ಮೂರು ದಿನಕ್ಕೂ ಸಾಲದು.

ಆದರೂ ಚರ್ಚೆಯೆಲ್ಲ ಟನ್ನಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಕೇಳಬೇಕಾದ್ದು ದರವನ್ನು.

2022ರ ನವೆಂಬರ್‌ನಲ್ಲಿ ಚೀನಾದಲ್ಲಿ ಒಂದು ಟನ್ ಲಿಥಿಯಂ ಕಾರ್ಬೋನೇಟ್ ಹೆಚ್ಚುಕಡಿಮೆ 6 ಲಕ್ಷ ಯುವಾನ್ ಮುಟ್ಟಿತ್ತು. 2025ರ ಜೂನ್‌ನಲ್ಲಿ ಸುಮಾರು 60 ಸಾವಿರ. ವಿದ್ಯುತ್ ವಾಹನಗಳ ಹುಚ್ಚು ಏರಿದಾಗ ಆಸ್ಟ್ರೇಲಿಯಾದಿಂದ ಆಫ್ರಿಕಾದವರೆಗೆ ಎಲ್ಲರೂ ಗಣಿ ತೋಡಿದರು. 2022ರ ಕೊನೆಗೆ ಚೀನಾ ವಾಹನ ಖರೀದಿಯ ಸಬ್ಸಿಡಿ ನಿಲ್ಲಿಸಿತು, ಬ್ಯಾಟರಿ ಕಂಪನಿಗಳು ಗೋದಾಮಿನಲ್ಲಿದ್ದ ಸರಕನ್ನೇ ಕರಗಿಸತೊಡಗಿದವು. ದರ ನೆಲಕಚ್ಚಿತು. 2025ರ ಆಗಸ್ಟ್‌ನಲ್ಲಿ ಚೀನಾದ ಒಂದೇ ಒಂದು ಗಣಿಯ ಪರವಾನಗಿ ಮುಗಿದು ಕೆಲಸ ನಿಂತದ್ದಕ್ಕೆ ಮತ್ತೆ ಜಿಗಿಯಿತು. ಅದಿರು ಯಾವ ದೇಶದ್ದಾದರೂ ಅದನ್ನು ಶುದ್ಧೀಕರಿಸುವ ಕೆಲಸದ ಅರ್ಧಕ್ಕಿಂತ ಹೆಚ್ಚು ನಡೆಯುವುದು ಚೀನಾದಲ್ಲೇ. ರೇಟಿನ ಜುಟ್ಟೂ ಅಲ್ಲೇ.

ಈಗ ಮಂಡ್ಯದ ಲೆಕ್ಕ. 1,600 ಟನ್ ಲೋಹವೆಂದರೆ ಸುಮಾರು 8,500 ಟನ್ ಕಾರ್ಬೋನೇಟ್. ಒಂದು ಚೂರೂ ಪೋಲಾಗದೆ ಸಿಕ್ಕಿತೆಂದು ಇಟ್ಟುಕೊಂಡರೂ (ಹಾಗೆ ಸಿಗುವುದಿಲ್ಲ, ಆ ಮಾತು ಬೇರೆ), 2022ರ ದರದಲ್ಲಿ ಅದು ಆರು ಸಾವಿರ ಕೋಟಿ ರೂಪಾಯಿಯ ಆಸುಪಾಸು, 2025ರ ಜೂನ್ ದರದಲ್ಲಿ ಆರುನೂರು ಕೋಟಿ. ಬಂಡೆ ಅದೇ. 2023ರಲ್ಲಿ ಕೇಂದ್ರ ನಿಗದಿ ಮಾಡಿದ ರಾಜಧನ ಲಂಡನ್ ಲೋಹ ಪೇಟೆಯ ದರದ ಶೇ 3. ಅಂದರೆ ಗಣಿಯ ಇಡೀ ಆಯುಷ್ಯಕ್ಕೆ 180 ಕೋಟಿ, ಇಲ್ಲವೇ 18 ಕೋಟಿ. ಹರಾಜಾದ ಗಣಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಿಗುವುದು ರಾಜಧನದ ಶೇ 10. ದೂಳು ಕುಡಿಯುವ ಊರುಗಳ ಪಾಲಿಗೆ ದರ ಬಿದ್ದ ಕಾಲದಲ್ಲಿ ಉಳಿಯುವುದು ಎರಡು ಕೋಟಿಗೂ ಕಡಿಮೆ.

ಬಂಡವಾಳಗಾರರಿಗೆ ಈ ಲೆಕ್ಕ ಬಾಯಿಪಾಠ. 59 ಲಕ್ಷ ಟನ್ ಅದಿರಿನ ಅಂದಾಜಿದ್ದ ಜಮ್ಮುವಿನ ರಿಯಾಸಿಯನ್ನೇ ಹರಾಜಿಗಿಟ್ಟಾಗ ಸಾಕಷ್ಟು ಜನ ಮುಂದೆ ಬರಲಿಲ್ಲ. 2024ರಲ್ಲಿ ಅದು ರದ್ದಾಯಿತು. ಕೆಜಿಎಫ್ ಚಿನ್ನದ ಗಣಿ ನೋಡಿದವರಿಗೂ ಇದು ಹೊಸದಲ್ಲ. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತೆಂದು 2001ರ ಫೆಬ್ರುವರಿ 28ರಂದು ಗಣಿಗೆ ಬೀಗ ಬಿತ್ತು. ಆಗ ಔನ್ಸ್‌ಗೆ 270 ಡಾಲರ್ ಆಸುಪಾಸಿನಲ್ಲಿದ್ದ ಚಿನ್ನ ಈಗ ಅದರ ಹತ್ತು ಪಟ್ಟು ದಾಟಿದೆ. ಕಾರ್ಮಿಕರ ಕಾಲೊನಿಗಳು ಮಾತ್ರ ಹಾಳು ಸುರಿಯುತ್ತಿವೆ.

ಹಾಗೆಂದು ಮಂಡ್ಯದ ಲಿಥಿಯಂ ಕೈಬಿಡಬೇಕೆಂದಲ್ಲ. ಕಬ್ಬಿಗೆ ಕೇಂದ್ರ ಎಫ್‌ಆರ್‌ಪಿ ಎಂಬ ಕನಿಷ್ಠ ದರ ಕಟ್ಟುತ್ತದೆ; ಅದೂ ಸಾಲದೆಂದು ಮಂಡ್ಯದ ರೈತ ಬೀದಿಗಿಳಿಯುತ್ತಾನೆ. ಲಿಥಿಯಂಗೆ ಅಂಥ ಕನಿಷ್ಠ ದರವೂ ಇಲ್ಲ. ಹರಾಜಿಗೆ ಮೊದಲೇ ರಾಜ್ಯ ಸರ್ಕಾರ ಕೇಂದ್ರದ ಮುಂದೆ ಎರಡು ಬೇಡಿಕೆ ಇಡಬೇಕು. ದರ ಎಷ್ಟೇ ಕುಸಿದರೂ ಊರುಗಳ ಪಾಲಿಗೆ ಇಷ್ಟು ಹಣ ಬಂದೇ ತೀರಬೇಕೆಂಬ ಷರತ್ತು ಗುತ್ತಿಗೆಯಲ್ಲೇ ಇರಲಿ. ಗಣಿ ಅರ್ಧಕ್ಕೆ ನಿಂತರೆ ಗುಂಡಿ ಮುಚ್ಚಿಸುವ ಹಣ ಮೊದಲ ದಿನವೇ ಠೇವಣಿಯಾಗಲಿ. ಕಂಪನಿಗಳಿಗೆ ಇದು ಒಪ್ಪಿಗೆಯಾಗದಿದ್ದರೆ ಬಂಡೆಗೇನೂ ಅವಸರವಿಲ್ಲ; ಈ ನೆಲದಲ್ಲಿ ಅದು ಕಾದಿರುವುದು ಕೋಟ್ಯಂತರ ವರ್ಷಗಳಿಂದ.