ಸರ್ಟಿಫಿಕೇಟ್ ಫೋನಿಗೆ ಬಂತು, ಕೈಗೆ ಏನು ಬಂತು?

ಕಳೆದ ಸಲ ಊರಿಗೆ ಹೋದಾಗ ವೈನಿ ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಫೋನಿನಲ್ಲಿ ಒಂದು ಟ್ರೇನಿಂಗ್ ವಿಡಿಯೋ ಡಬಲ್ ಸ್ಪೀಡ್‌ನಲ್ಲಿ ಓಡುತ್ತಿತ್ತು. ಹುಟ್ಟಿದ ಕೂಡಲೇ ಅಳದ ಮಗುವಿಗೆ ಏನು ಮಾಡಬೇಕು ಅನ್ನೋ ಪಾಠ. ವೈನಿ ಚಿಕ್ಕೋಡಿ ಕಡೆ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್.

"ನೋಡಾಕತ್ತೀರೇನ್ ವೈನಿ ಇದನ್ನ?" ಅಂದೆ.

"ನೋಡೂದ್ ಏನೈತಿ, ಓಡಿಸಿದ್ರ ಸಾಕು. ಕಡೀಕ ಹತ್ತ್ ಪ್ರಶ್ನೆ ಬರ್ತಾವ, ತಪ್ಪಾದ್ರ ಮತ್ತ ಒತ್ತೂದು. ನಿಮ್ಮಂಥಾವ್ರ ಮಾಡಿದ್ದಪಾ ಇದು!"

ಹೌದು, ನಮ್ಮಂಥವರೇ ಮಾಡಿದ್ದು. ಬೆಂಗಳೂರಿನಲ್ಲಿ ನಾನು ಕೋಡ್ ಬರೆಯುವುದು ಇಂಥದ್ದೇ ಒಂದು ಕಲಿಕಾ ಪ್ಲಾಟ್‌ಫಾರ್ಮ್‌ಗೆ. ಎಷ್ಟು ಜನ ಕೋರ್ಸ್ ಮುಗಿಸಿದರು ಅನ್ನೋ ಹಸಿರು ಗ್ರಾಫ್ ನೋಡಿ ಶುಕ್ರವಾರ ಖುಷಿಪಡುವ ಟೀಮು ನಮ್ಮದು. ಆ ಹಸಿರಿನಲ್ಲಿ ರೊಟ್ಟಿ ಬಡಿಯುವ ವೈನಿಯರು ಎಷ್ಟು ಜನ ಇದ್ದಾರೋ!

ಊಟಕ್ಕೆ ಕೂತಾಗ ಕೇಳಿದೆ, ಹಾಗಾದರೆ ನಿಮಗೆ ನಿಜವಾಗಿ ಕಲಿಸಿದ್ದು ಯಾವುದು? ವೈನಿ ತಡಮಾಡಲಿಲ್ಲ. "ಗೊಂಬಿ."

ನಿಯೋನ್ಯಾಟಲಿ ಅಂತ ಅದರ ಹೆಸರು. ನಾರ್ವೆಯ ಲೇರ್ಡಾಲ್ ಸಂಸ್ಥೆ ಮಾಡಿದ್ದು. ಖಾಲಿ ಇದ್ದಾಗ ಮಡಚಿ ಚೀಲಕ್ಕೆ ಹಾಕಬಹುದು. ಸುಮಾರು 2 ಲೀಟರ್ ನೀರು ತುಂಬಿಸಿದರೆ ಆಗತಾನೇ ಹುಟ್ಟಿದ ಕೂಸಿನ ಹಾಗೆ ತೂಕ, ಹಾಗೇ ಜೋಲುವ ಕತ್ತು. ಕಲಿಸುವವರು ಪುಟ್ಟ ಬಲ್ಬ್ ಒತ್ತಿದರೆ ಹೊಕ್ಕುಳಬಳ್ಳಿ ಮಿಡಿಯುತ್ತದೆ, ಇನ್ನೊಂದು ಒತ್ತಿದರೆ ಅಳುತ್ತದೆ. ಕರೆಂಟ್ ಬೇಡ, ನೆಟ್‌ವರ್ಕ್ ಬೇಡ. ಅಂಬು ಬ್ಯಾಗ್‌ನ ಮಾಸ್ಕ್ ಸರಿಯಾಗಿ ಕೂತು ಗಾಳಿ ಹೋದರೆ ಎದೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮ ಹತ್ತು ಪ್ರಶ್ನೆಗಳಿಗಿಂತ ಖಡಕ್ ಪರೀಕ್ಷೆ ಅದು.

ಇದೆಲ್ಲ ಇರುವುದು ಒಂದೇ ನಿಮಿಷಕ್ಕಾಗಿ. ಉಸಿರಾಡದ ಮಗುವನ್ನು ಒರೆಸಬೇಕು, ಬೆನ್ನು ತಿಕ್ಕಬೇಕು, ಬೇಕಾದರೆ ಬಾಯಿ-ಮೂಗು ಸ್ವಚ್ಛ ಮಾಡಬೇಕು. ಆಗಲೂ ಉಸಿರು ಬರದಿದ್ದರೆ ಮೊದಲ ನಿಮಿಷದೊಳಗೇ ಬ್ಯಾಗ್‌ನಿಂದ ಗಾಳಿ ಕೊಡಬೇಕು. ನಮ್ಮ ಕಡೆ ಸೀರಿಯಸ್ ಅಂದರೆ ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಓಡುತ್ತಾರೆ, ಅಥಣಿ-ಕಾಗವಾಡದವರು ಮೀರಜ್‌ಗೆ, ರಾಯಬಾಗದವರು ಬೆಳಗಾವಿಗೋ ಮೀರಜ್‌ಗೋ. ಆದರೆ ಈ ಒಂದು ನಿಮಿಷಕ್ಕೆ ಯಾವ ಊರೂ ಹತ್ತಿರ ಅಲ್ಲ. ಆ ಹೊತ್ತಿಗೆ ಇರುವುದು ಎದುರಿಗೆ ನಿಂತ ಸಿಸ್ಟರ್‌ನ ಎರಡು ಕೈ ಅಷ್ಟೇ.

ಈ ಗೊಂಬೆಯ ದೊಡ್ಡ ಪರೀಕ್ಷೆ ನಡೆದದ್ದು ನಮ್ಮದೇ ಜಿಲ್ಲೆಯಲ್ಲಿ ಅಂತ ನನಗೆ ಗೊತ್ತೇ ಇರಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಕಾರ್ಯಕ್ರಮ ಶುರು ಮಾಡಿದ್ದು 2010ರಲ್ಲಿ. ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜಿನ ಡಾ. ಶಿವಪ್ರಸಾದ ಗೌಡರ ತಂಡ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಹಿಡಿದು ಜಿಲ್ಲಾ ಆಸ್ಪತ್ರೆಯವರೆಗೆ ಹೆರಿಗೆ ಮಾಡಿಸುವ 599 ಜನರಿಗೆ ಇದರ ತರಬೇತಿ ಕೊಡಿಸಿತು. 2013ರಲ್ಲಿ ಪ್ರಕಟವಾದ ಫಲಿತಾಂಶ: ಸತ್ತು ಹುಟ್ಟುವ ಶಿಶುಗಳ ಪ್ರಮಾಣ ಶೇ. 3.0ರಿಂದ 2.3ಕ್ಕೆ ಇಳಿಯಿತು. ಹೆರಿಗೆಯ ಹೊತ್ತಿನಲ್ಲೇ ಹೋದವು ಅಂತ ಲೆಕ್ಕ ಹಾಕುವ ಕೂಸುಗಳ ಪ್ರಮಾಣ 1.7ರಿಂದ 0.9ಕ್ಕೆ ಬಂತು.

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಗೊಂಬೆಯ ಮೇಲೆ ಕಲಿಯುವುದು ಹೊಟ್ಟೆಯಲ್ಲೇ ಸತ್ತ ಮಗುವನ್ನು ಬದುಕಿಸುವುದಿಲ್ಲ. ಅಂದರೆ 'ಸತ್ತು ಹುಟ್ಟಿತು' ಅಂತ ಬಟ್ಟೆ ಸುತ್ತಿ ಪಕ್ಕಕ್ಕಿಡುತ್ತಿದ್ದ ಕೂಸುಗಳಲ್ಲಿ ಕೆಲವಕ್ಕೆ ಜೀವ ಇತ್ತು, ಉಸಿರು ಶುರುವಾಗಿರಲಿಲ್ಲ ಅಷ್ಟೇ. ಹಾಗಂತ ಗೊಂಬೆ ಪವಾಡವೇನೂ ಅಲ್ಲ. ಹುಟ್ಟಿ 28 ದಿನದೊಳಗಿನ ಸಾವು ಅದೇ ಅಧ್ಯಯನದಲ್ಲಿ ಇಳಿಯಲಿಲ್ಲ. ಅವಧಿಗೆ ಮುಂಚೆ ಹುಟ್ಟಿದ್ದು, ಸೋಂಕು, ಹಾಲು-ಬೆಚ್ಚಗೆ, ಇವೆಲ್ಲ ಬೇರೆಯೇ ಹೋರಾಟ.

ಇನ್ನೊಂದು ಪಾಠ ಟಾಂಜಾನಿಯಾದ ಹೈಡಮ್ ಆಸ್ಪತ್ರೆಯದು. ಅಲ್ಲಿ ಒಂದು ದಿನದ ತರಬೇತಿ ಆದಮೇಲೆ ಎಲ್ಲರೂ ಗೊಂಬೆ ಮೇಲೆ ಚೆನ್ನಾಗಿ ಮಾಡಿದರು, ಆದರೆ ನಿಜವಾದ ಹೆರಿಗೆ ಕೋಣೆಯಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಗೊಂಬೆಯನ್ನು ಆಸ್ಪತ್ರೆಯಲ್ಲೇ ಇಟ್ಟು, ಕೆಲಸದ ನಡುವೆ ಕೆಲವೇ ನಿಮಿಷ ಪದೇ ಪದೇ ಅಭ್ಯಾಸ ಮಾಡಿಸಿದರು. ಮೊದಲ 24 ಗಂಟೆಯಲ್ಲಿ ಸಾಯುವ ಶಿಶುಗಳ ಸಂಖ್ಯೆ ಸಾವಿರಕ್ಕೆ 11.1 ಇದ್ದದ್ದು 7.2 ಆಯಿತು. ಗೊಂಬೆ ಅದೇ, ಬದಲಾದದ್ದು ಅದು ಇರುವ ಜಾಗ.

"ನಿಮ್ಮಲ್ಲಿ ಗೊಂಬೆ ಎಲ್ಲೈತಿ ವೈನಿ?"

"ಕಪಾಟಿನ್ಯಾಗ. ಕೀಲಿ ಹಾಕ್ಯಾರ. ಹರಿದ್ರ ಯಾರ ಮ್ಯಾಲ ಬರತೈತಿ ಅಂತ ಅಂಜಿಕಿ."

ಅಂಗನವಾಡಿಯ ಪೋಷಣ್ ಟ್ರ್ಯಾಕರ್ ನೆನಪಾಯಿತು. 2021ರಿಂದ ಮಕ್ಕಳ ತೂಕ, ಎತ್ತರ ಫೋನಿಗೆ ತುಂಬುತ್ತಿದ್ದಾರೆ. ಕೆಟ್ಟದ್ದಲ್ಲ, ಸೊರಗಿದ ಮಗು ಕಣ್ಣಿಗೆ ಬೀಳುತ್ತದೆ. ಆದರೆ ನಾವು ಮಾಡುವ ಆ್ಯಪ್‌ಗಳು ಕೇಳುವುದೇ ಹೆಚ್ಚು, ಕಲಿಸುವುದು ಕಡಿಮೆ. ವೈನಿ ಮಾತ್ರ ತಾಯಂದಿರಿಗೆ ಕಲಿಸುವಾಗ ಫೋನ್ ಮುಟ್ಟುವುದಿಲ್ಲ. ಕಬ್ಬು ಕಡಿಯಲು ಮರಾಠವಾಡದಿಂದ ಬಂದ ಬಾಣಂತಿಗೆ ಮರಾಠಿಯಲ್ಲಿ, ನಮ್ಮೂರವಳಿಗೆ ಕನ್ನಡದಲ್ಲಿ ಹೇಳುತ್ತಾ, ಟವೆಲ್ ಸುತ್ತಿ ಕೂಸು ಮಾಡಿ ಎದೆಗೆ ಹಿಡಿಯುವುದನ್ನು ತೋರಿಸುತ್ತಾರೆ. ಸಕ್ಕರೆ ನೀರು, ಜೇನುತುಪ್ಪ ಬೇಡ, ಒಂದು ತಾಸಿನೊಳಗ ಹಾಲು ಕೊಡು ಅನ್ನೋ ಮಾತು ಅತ್ತೆಯ ಎದುರಿಗೇ ಆಗಬೇಕಂತೆ. ಇಲ್ಲದಿದ್ದರೆ ಮನೆಗೆ ಹೋದಮೇಲೆ ನಡೆಯುವುದು ಅತ್ತೆಯ ಮಾತೇ.

ಬೆಂಗಳೂರಿಗೆ ಬಂದು ಟೀಮ್ ಮೀಟಿಂಗ್‌ನಲ್ಲಿ ಹೇಳಿದೆ: ಕೋರ್ಸ್ ಮುಗಿದ ಮೇಲೆ ತಿಂಗಳಿಗೊಮ್ಮೆ 'ಗೊಂಬೆ ತೆಗೆಯಿರಿ' ಅಂತ ನೆನಪಿಸೋಣ, ಒಂದು ನಿಮಿಷದ ಟೈಮರ್ ಇಡೋಣ. ಅದು ಡ್ಯಾಶ್‌ಬೋರ್ಡ್‌ನಲ್ಲಿ ಹೇಗೆ ಕಾಣುತ್ತೆ ಅಂತ ಕೇಳಿದರು. ಇನ್ನೂ ಉತ್ತರ ಕೊಟ್ಟಿಲ್ಲ.

ಮೊನ್ನೆ ವೈನಿ ಫೋನ್ ಮಾಡಿದ್ದರು. ಹಟ ಮಾಡಿ ಕೀಲಿ ಇಸ್ಕೊಂಡಿದ್ದಾರೆ. ಅಳುವ ಬಲ್ಬ್ ಕಳೆದಿದೆ, ಉಳಿದದ್ದು ಸರಿ ಇದೆ.

"ಐದ ಮಂದಿ ಮಾಡಿದ್ವಿ. ಇಬ್ಬರ ಕೈಯಾಗ ಎದಿ ಏಳಲೇ ಇಲ್ಲ ನೋಡು. ಮಾಸ್ಕ್ ಸಡ್ಲ ಹಿಡದಿದ್ರು. ಗುರುವಾರ ಡ್ಯೂಟಿ ಮುಗಿದ ಮ್ಯಾಲ ಮತ್ತ ಮಾಡ್ತೀವಿ."